ಹಳೆ ಸಮಾಧಿಗಳ ಕೆಲಸಕ್ಕೆ ಕಾರ್ಕಳ ಕಡೆಯ ಕಲ್ಲು ಮೇಸ್ತ್ರಿಗಳು

ಮಂಗಳೂರಿನಲ್ಲಿರುವ ನಮ್ಮ ಕ್ರೈಸ್ತ ಸಭೆಯ ಹಳೆ ಸ್ಮಶಾನ ಸರಿ ಮಾಡಿಸಲು ಕಾರ್ಕಳ ಕಡೆಯ ಇಬ್ಬರು ಮೇಸ್ತ್ರಿಗಳನ್ನು ಕರೆಸಿದ್ದೆವು. ಕೆಲಸ ನಿಧಾನ, ಆದರೆ ಬಹಳ ಚೆನ್ನಾಗಿದೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಇಲ್ಲಿಗೆ ಬಂದ ಮೇಲೆ ಹುಟ್ಟಿದ ಸಭೆಗಳಲ್ಲಿ ನಮ್ಮದೂ ಒಂದು. ನನ್ನ ಮುತ್ತಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಮ್ಯುನಿಸ್ಟ್ ಗಿಡ ಎನ್ನುವ ಕಳೆ, ಬಳ್ಳಿ ಬೆಳೆದು ಅವರ ಸಮಾಧಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಹಿಂದೊಬ್ಬ ಕಂಟ್ರಾಕ್ಟರ್ ಕೆಲವು ಕಲ್ಲುಗಳನ್ನು ಆಸಿಡ್ ಹಾಕಿ ತೊಳೆದಿದ್ದ. ಅಮೃತಶಿಲೆಗೆ ಆಸಿಡ್ ತಾಗಿದರೆ ಕಲ್ಲೇ ಕರಗುತ್ತದೆ. ಅಲ್ಲಿದ್ದ ಹೆಸರುಗಳು ಇನ್ನು ಸಿಗುವುದಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇವರು ಆಸಿಡ್ ಮುಟ್ಟಲಿಲ್ಲ, ತಂತಿ ಬ್ರಷ್ ಕೂಡ ಇಲ್ಲ. ಮೊದಲು ಕಲ್ಲಿಗೆ ನೀರು ಕುಡಿಸಿದರು. ಪಾಚಿ ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಎಬ್ಬಿಸಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರು. ಎಲ್ಲಿ ಕಲ್ಲು ಪುಡಿ ಉದುರುತ್ತಿತ್ತೋ ಅಲ್ಲಿಗೆ ಕೈ ನಿಲ್ಲಿಸಿದರು. "ಇದನ್ನು ಹೀಗೇ ಬಿಡಿ, ತಿಕ್ಕಿದರೆ ಅಕ್ಷರವೂ ಹೋಗುತ್ತದೆ" ಎಂದರು ದೊಡ್ಡ ಮೇಸ್ತ್ರಿ. ಪಳಪಳ ಹೊಳೆಯಬೇಕು ಅಂತ ಕಮಿಟಿಯಲ್ಲಿ ಕೆಲವರಿಗೆ ಆಸೆ ಇತ್ತು. ಮೇಸ್ತ್ರಿಗಳು ಒಪ್ಪಲಿಲ್ಲ. ನನಗೆ ಅದೇ ಜಾಸ್ತಿ ಇಷ್ಟವಾಯಿತು. ಸವೆದ ಅಕ್ಷರ ಓದಲು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಬೀಳಿಸಿದರು. ಮುತ್ತಜ್ಜಿಯ ಹೆಸರು ಹಾಗೆ ಸಿಕ್ಕಿತು. ಕಣ್ಣು ತುಂಬಿ ಬಂತು.

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಸಿಮೆಂಟ್ ಬೇಡವೇ ಬೇಡ ಎಂದರು. ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತದೆ, ನಮ್ಮ ಮಳೆಗೆ ಕಲ್ಲು ಒಳಗಿಂದಲೇ ಹಾಳಾಗುತ್ತದೆ. ಹಾಗಾಗಿ ಹೊಯಿಗೆ (ಮರಳು) ಸೇರಿಸಿ ಸುಣ್ಣದ ಗಾರೆ. ಗೋಡೆಯೊಳಗೆ ಇಳಿದಿದ್ದ ಅಶ್ವತ್ಥದ ಬೇರನ್ನು ಎಳೆಯಲಿಲ್ಲ, ಎಳೆದರೆ ಗೋಡೆಯೂ ಜೊತೆಗೆ ಬರುತ್ತದಲ್ವಾ? ಕಡಿದು, ಒಣಗಲು ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದರು.

ತೊಂದರೆ ಒಂದೇ. ನಡುವೆ ಬೇರೆ ಕೆಲಸಕ್ಕೆ ಹೋದರು, ಫೋನ್ ಕೂಡ ಎತ್ತಲಿಲ್ಲ. ಅರ್ಧ ಬಿಚ್ಚಿದ ಗೋಡೆ ನೋಡಿಕೊಂಡು ಕಾಯುವುದು ಕಷ್ಟ. ಅಷ್ಟು ದಿನ ಬರುವುದಿಲ್ಲ ಎಂದು ಮೊದಲೇ ಹೇಳಬಹುದಿತ್ತು. ದುಡ್ಡು ದಿನಗೂಲಿ ಲೆಕ್ಕ, ಬರೆದಿಟ್ಟ ಚೀಟಿ ಕೊಟ್ಟರು, ಅದರಲ್ಲಿ ತಕರಾರಿಲ್ಲ.

ಮಾಡಿಸುವವರು ದೀಪಾವಳಿ ಕಳೆದ ಕೂಡಲೇ ಮಾತಾಡಿ. ಸುಣ್ಣ ಗಟ್ಟಿಯಾಗಲು ಸಮಯ ಬೇಕು, ಮಳೆಗಾಲ ಹತ್ತಿರ ಬಂದರೆ ಅವರು ಗಾರೆ ಕೆಲಸ ಹಿಡಿಯುವುದಿಲ್ಲ.