ನಂದಿ ಏರಿಗೆ ಹಗುರ ಗೇರ್: 9 ಸ್ಪೀಡ್ ರೋಡ್ ಬೈಕ್‌ಗೆ ಯಾವ ಡಿರೇಲರ್?

ಶಿಮಾನೊ ಕಂಪನಿಯ ಸೋರಾ 9 ಸ್ಪೀಡ್ ಗೇರ್ (ಹಿಂದೆ ಒಂಬತ್ತು ಹಲ್ಲುಚಕ್ರ) ಇರುವ ರೋಡ್ ಬೈಕ್‌ನಲ್ಲಿ ಬೆಟ್ಟ ಹತ್ತುವವರು ಇನ್ನೂ ಹಗುರವಾದ ಗೇರ್ ಬೇಕೆಂದು ಯೋಚಿಸುತ್ತಿದ್ದರೆ, ಅದೇ ಸೋರಾ ಆರ್3000 ಸರಣಿಯ ಉದ್ದ ಕೇಜ್‌ನ ಹಿಂಬದಿ ಡಿರೇಲರ್ ಮತ್ತು 11–34 ಹಲ್ಲಿನ ಕ್ಯಾಸೆಟ್ ಹಾಕಿಸಿಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಡಿರೇಲರ್ ಎಂದರೆ ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಭಾಗ, ಕೇಜ್ ಎಂದರೆ ಚೈನನ್ನು ಬಿಗಿಯಾಗಿ ಹಿಡಿದಿಡುವ ಅದರ ಕೆಳತೋಳು, ಕ್ಯಾಸೆಟ್ ಎಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು. ಹ್ಯಾಂಗರ್ ಎಕ್ಸ್‌ಟೆಂಡರ್, ಟಿಯಾಗ್ರಾ ಡಿರೇಲರ್, ಎಂಟಿಬಿಯ (ಮೌಂಟನ್ ಬೈಕ್‌ನ) ಆಲಿವಿಯೊ ಡಿರೇಲರ್ ಇವೆಲ್ಲವನ್ನೂ ನನ್ನ ಸೈಕಲ್‌ಗೆ ಹಾಕಿ ಓಡಿಸಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ನನ್ನ ಸೈಕಲ್‌ನ ಮುಂದಿನ, ಅಂದರೆ ಪೆಡಲ್ ಬಳಿಯ, ಚೈನ್‌ರಿಂಗ್‌ಗಳು 50 ಮತ್ತು 34 ಹಲ್ಲಿನವು. ಹಿಂದೆ 11–28ರ ಕ್ಯಾಸೆಟ್, ಗಿಡ್ಡ ಕೇಜ್‌ನ ಡಿರೇಲರ್ ಇದ್ದವು. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ನನ್ನ ವೇಗ ಗಂಟೆಗೆ 7.5 ಕಿ.ಮೀ.ಗೆ ಇಳಿಯುತ್ತದೆ. ಆ ವೇಗದಲ್ಲಿ 34–28 ಗೇರ್‌ನಲ್ಲಿ (ಮುಂದೆ 34, ಹಿಂದೆ 28 ಹಲ್ಲು) ನಿಮಿಷಕ್ಕೆ 49 ಸುತ್ತು ಮಾತ್ರ ಪೆಡಲ್ ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ. ಹಿಂದೆ 34 ಹಲ್ಲಿದ್ದರೆ ಅದೇ ವೇಗಕ್ಕೆ 60 ಸುತ್ತು ಬರುತ್ತದೆ. ನನಗೆ ಬೇಕಾಗಿದ್ದದ್ದು ಈ ಹನ್ನೊಂದು ಸುತ್ತಿನ ವ್ಯತ್ಯಾಸವೇ ಹೊರತು ಹೆಚ್ಚಿನ ವೇಗವಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ಹ್ಯಾಂಗರ್ ಎಕ್ಸ್‌ಟೆಂಡರ್. ಡಿರೇಲರನ್ನು ಒಂದಿಷ್ಟು ಕೆಳಗಿಳಿಸುವ ಈ ಲೋಹದ ತುಂಡು ಹಾಕಿದರೆ ಗಿಡ್ಡ ಕೇಜ್ ಕೂಡ 34ರ ಚಕ್ರವನ್ನು ಹತ್ತಿಸುತ್ತದೆ. ಆದರೆ ಕೇಜ್‌ನ ಉದ್ದ ಹೆಚ್ಚದ ಕಾರಣ ಸಡಿಲ ಚೈನನ್ನು ಎಳೆದುಕೊಳ್ಳುವ ಅದರ ಶಕ್ತಿ ಇದ್ದಷ್ಟೇ ಇರುತ್ತದೆ. ಮುಂದಿನ ಎರಡು ರಿಂಗ್‌ಗಳ ನಡುವಿನ 16 ಹಲ್ಲು, ಹಿಂದಿನ 11 ಮತ್ತು 34ರ ನಡುವಿನ 23 ಹಲ್ಲು ಸೇರಿ 39 ಹಲ್ಲಿನ ಅಂತರವಾಗುತ್ತದೆ. ಮೊದಲಿದ್ದ ಕ್ಯಾಸೆಟ್‌ನಲ್ಲಿ ಅದು 33 ಇತ್ತು. ಹೀಗಾಗಿ ಮುಂದೆ ಚಿಕ್ಕ ರಿಂಗ್, ಹಿಂದೆ ಚಿಕ್ಕ ಚಕ್ರ ಹಾಕಿದಾಗ ಚೈನ್ ಜೋತುಬಿದ್ದು ಚೌಕಟ್ಟಿಗೆ ಬಡಿಯುತ್ತಿತ್ತು. ಮೇಲಾಗಿ ಡಿರೇಲರ್‌ನ ಗೈಡ್ ಪುಲ್ಲಿ (ಚೈನಿಗೆ ದಾರಿ ತೋರುವ ಪುಟ್ಟ ಗಾಲಿ) ಚಿಕ್ಕ ಚಕ್ರಗಳಿಂದ ದೂರ ಸರಿದದ್ದರಿಂದ ಆ ಭಾಗದಲ್ಲಿ ಗೇರ್ ಬದಲಾವಣೆಯೂ ಮಂದವಾಯಿತು.

ಎಕ್ಸ್‌ಟೆಂಡರ್ ತೆಗೆದ ಮೇಲೆ ಸೈಕಲ್ ಅಂಗಡಿಯವರು ಟಿಯಾಗ್ರಾ 4700ರ ಉದ್ದ ಕೇಜ್ ಡಿರೇಲರ್ ಹಾಕಿಕೊಟ್ಟರು. ಸೋರಾಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಅದೇ ಕಂಪನಿಯದು, 34 ಹಲ್ಲಿಗೂ ಸಾಕು, ಡಿರೇಲರ್‌ಗೆ ಎಷ್ಟು ಸ್ಪೀಡ್ ಎಂಬ ಲೆಕ್ಕವೇ ಇರುವುದಿಲ್ಲ ಎಂಬುದು ಅವರ ವಾದವಾಗಿತ್ತು. ಸ್ಟ್ಯಾಂಡಿನ ಮೇಲೆ ಪೆಡಲ್ ತಿರುಗಿಸಿದಾಗ ಮೊದಲ ಎರಡು ಗೇರ್ ಬಿದ್ದವು. ಮೂರನೆಯದರಲ್ಲಿ ಚೈನ್ ಕರಕರ ಎಂದಿತು. ಐದನೆಯದಕ್ಕೆ ಲಿವರ್ ಒತ್ತಿದರೆ ಚೈನ್ ಎರಡು ಚಕ್ರಗಳ ನಡುವೆ ತೂಗಾಡಿ, ಒತ್ತಡ ಬಿದ್ದೊಡನೆ ಹಿಂದಕ್ಕೆ ಜಾರುತ್ತಿತ್ತು. ದೊಡ್ಡ ಚಕ್ರವನ್ನಂತೂ ಅದು ಮುಟ್ಟಲೇ ಇಲ್ಲ. ಕೇಬಲ್‌ನ ಬಿಗಿತ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರ್ ತಿರುಗಿಸಿ ನಡುವಿನ ಗೇರ್‌ಗಳನ್ನು ಸರಿಪಡಿಸಿದರೆ ಎರಡೂ ತುದಿಗಳು ಕೆಡುತ್ತಿದ್ದವು. ಕೇಬಲ್ ಹೊಸದು, ಹಿಗ್ಗಿದ ಮೇಲೆ ಸರಿಹೋಗುತ್ತದೆ ಎಂದರು. ಕೇಬಲ್ ಬದಲಾಯಿತು, ಹೊರಗವಚವೂ ಬದಲಾಯಿತು, ಡಿರೇಲರ್ ನೇತಾಡುವ ಹ್ಯಾಂಗರ್ ಸೊಟ್ಟಗಿದೆಯೇ ಎಂದು ನೋಡಿದ್ದೂ ಆಯಿತು. ತೊಂದರೆ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಅದು ಕದಲುವಂಥದ್ದೂ ಅಲ್ಲ. ಸೋರಾ ಶಿಫ್ಟರ್ (ಹ್ಯಾಂಡಲ್‌ನಲ್ಲಿರುವ ಗೇರ್ ಲಿವರ್) ಒಂದು ಕ್ಲಿಕ್‌ಗೆ ಸುಮಾರು 2.5 ಮಿ.ಮೀ. ಕೇಬಲ್ ಎಳೆಯುತ್ತದೆ. ಸೋರಾ ಡಿರೇಲರ್ ಆ ಎಳೆತವನ್ನು 1.7 ಪಟ್ಟು ಹಿಗ್ಗಿಸಿ ಪಕ್ಕಕ್ಕೆ ಸರಿಯುವುದರಿಂದ, 9 ಸ್ಪೀಡ್ ಕ್ಯಾಸೆಟ್‌ನ ಚಕ್ರದಿಂದ ಚಕ್ರಕ್ಕಿರುವ 4.35 ಮಿ.ಮೀ. ದೂರ ಸರಿಹೊಂದುತ್ತದೆ. ಟಿಯಾಗ್ರಾ 4700 ಹತ್ತು ಸ್ಪೀಡ್‌ನದಾದರೂ ಅದಕ್ಕೆ ಬಳಸಿರುವುದು 11 ಸ್ಪೀಡ್ ರೋಡ್ ಸರಣಿಯ ಅನುಪಾತ, ಅಂದರೆ ಸುಮಾರು 1.4. ಹೀಗಾಗಿ ನನ್ನ ಶಿಫ್ಟರ್‌ನ ಒಂದು ಕ್ಲಿಕ್‌ಗೆ ಅದು ಸರಿಯುವುದು 3.5 ಮಿ.ಮೀ. ಮಾತ್ರ. ಪ್ರತಿ ಕ್ಲಿಕ್‌ಗೂ 0.85 ಮಿ.ಮೀ. ಕಡಿಮೆ ಬಿದ್ದು, ಎಂಟು ಕ್ಲಿಕ್ ಮುಗಿಯುವ ಹೊತ್ತಿಗೆ ಕೊರತೆ 6.8 ಮಿ.ಮೀ. ಆಗುತ್ತದೆ, ಅಂದರೆ ಒಂದೂವರೆ ಚಕ್ರದಷ್ಟು. ಯಾವ ಸ್ಕ್ರೂ ತಿರುಗಿಸಿದರೂ ತುಂಬುವ ಕೊರತೆ ಇದಲ್ಲ, ಏಕೆಂದರೆ ಸ್ಕ್ರೂಗಳು ಆರಂಭದ ಬಿಂದುವನ್ನು ಬದಲಿಸುತ್ತವೆ, ಹೆಜ್ಜೆಯ ಅಳತೆಯನ್ನಲ್ಲ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಪೆಟ್ಟಿಗೆಯ ಮೇಲಿನ ಸ್ಪೀಡ್ ಸಂಖ್ಯೆಯಾಗಲಿ ಕಂಪನಿಯ ಹೆಸರಾಗಲಿ ಹೊಂದಾಣಿಕೆಯ ಖಾತರಿಯಲ್ಲ. ಟಿಯಾಗ್ರಾದ ಹಿಂದಿನ ಪೀಳಿಗೆಯಾದ 4600ರ ಡಿರೇಲರ್ 1.7ರ ಅನುಪಾತದ್ದೇ ಆಗಿದ್ದು, ಸೋರಾ ಶಿಫ್ಟರ್‌ನೊಂದಿಗೆ ಸರಿಯಾಗಿ ಕೆಲಸ ಮಾಡುತ್ತದೆ. 2023ರಲ್ಲಿ ಬಂದ ಶಿಮಾನೊದ್ದೇ ಕ್ಯೂಸ್ ಸರಣಿಯಲ್ಲಿ 9 ಸ್ಪೀಡ್ ಇದ್ದರೂ ಅದು ಸೋರಾಕ್ಕೆ ಹೊಂದುವುದಿಲ್ಲ. ಶಿಫ್ಟರ್ ಮತ್ತು ಡಿರೇಲರ್‌ನ ಮಾದರಿ ಸಂಖ್ಯೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ ತಾಳೆ ನೋಡದೆ ಹಣ ಕೊಡಬಾರದು.

9 ಸ್ಪೀಡ್ ಆಲಿವಿಯೊ ಗೌರವಕ್ಕೆ ಅರ್ಹವಾದ ಆಯ್ಕೆ. ಎಂಟಿಬಿಯ 9 ಸ್ಪೀಡ್ ಡಿರೇಲರ್‌ಗಳ ಅನುಪಾತವೂ 1.7 ಆಗಿರುವುದರಿಂದ ಸೋರಾ ಶಿಫ್ಟರ್‌ಗೆ ಅದು ತಕರಾರಿಲ್ಲದೆ ಒಗ್ಗಿತು, 11–36ರ ಕ್ಯಾಸೆಟ್ಟನ್ನೂ ನಿಭಾಯಿಸಿತು. ನನಗೆ ಹಿಡಿಸದೆ ಹೋದದ್ದು ಕ್ಯಾಸೆಟ್‌ನ ಕೊನೆಯ ಮೆಟ್ಟಿಲು. 30ರಿಂದ 36ಕ್ಕೆ ಹಾರುವಾಗ ತುಳಿತದ ಲಯ ಒಮ್ಮೆಲೇ ತಪ್ಪಿಹೋಗುತ್ತದೆ, ಅದೂ ಲಯ ಅತ್ಯಗತ್ಯವಾದ ಕಡಿದಾದ ಜಾಗದಲ್ಲಿ. ಸಾಮಾನು ಕಟ್ಟಿಕೊಂಡು ಪಶ್ಚಿಮ ಘಟ್ಟ ಹತ್ತುವವರಿಗೆ ಮಾತ್ರ ಇದನ್ನೇ ಸೂಚಿಸುತ್ತೇನೆ.

ಶಿಮಾನೊದ ಮೇಲ್ದರ್ಜೆಯ ‘105’ ಸರಣಿಯ 11 ಸ್ಪೀಡ್ ಗೇರನ್ನು ಸ್ನೇಹಿತರ ಸೈಕಲ್‌ನಲ್ಲಿ ಓಡಿಸಿದ್ದೇನೆ. ಅದರ ಗೇರ್ ಬದಲಾವಣೆ ನಿಜಕ್ಕೂ ಸೊಗಸು. ಆದರೆ ಶಿಫ್ಟರ್, ಎರಡೂ ಡಿರೇಲರ್, ಕ್ಯಾಸೆಟ್, ಚೈನ್ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಾಗುವುದರಿಂದ ಅದು ನನ್ನ ಕೈಗೆಟುಕುವ ಮಾತಲ್ಲ.

ಕೊನೆಗೆ ಉಳಿದದ್ದು ಸೋರಾ ಜಿಎಸ್, ಅಂದರೆ ಉದ್ದ ಕೇಜ್‌ನದು. ಜೋಡಣೆಗೆ ಒಂದು ಭಾನುವಾರದ ಬೆಳಗು ಸಾಕಾಯಿತು. ಹೊಸ ಕ್ಯಾಸೆಟ್‌ಗೆ ಹೊಸ ಚೈನನ್ನೇ ಹಾಕಬೇಕು. ಸವೆದ ಚೈನ್ ಹೊಸ ಹಲ್ಲುಗಳನ್ನೂ ಬೇಗ ಸವೆಸುತ್ತದೆ. ಚೈನಿನ ಉದ್ದ ನಿರ್ಧರಿಸಲು ಅದನ್ನು ಡಿರೇಲರ್‌ನೊಳಗೆ ತೂರಿಸದೆ ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಚಕ್ರದ ಸುತ್ತ ಸುತ್ತಿ, ಕೂಡುವ ಜಾಗದಿಂದ ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿದೆ. ಆಮೇಲೆ ಮುಂದೆ ಚಿಕ್ಕ ರಿಂಗ್, ಹಿಂದೆ 34ರ ಚಕ್ರ ಹಾಕಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಪುಲ್ಲಿ ಮತ್ತು ಚಕ್ರದ ನಡುವಿನ ಅಂತರ ಹೊಂದಿಸುವ ಬಿ ಸ್ಕ್ರೂವನ್ನು ಬಿಗಿಮಾಡಿದೆ. ಪುಲ್ಲಿ ಹಲ್ಲಿಗೆ ತಾಗುವ ಗಡಗಡ ನಿಂತ ಮೇಲೆ ಇನ್ನರ್ಧ ಸುತ್ತು ಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚಾದರೆ ಎಕ್ಸ್‌ಟೆಂಡರ್‌ನಲ್ಲಿ ಕಂಡ ಮಂದತನವೇ ಮರಳುತ್ತದೆ. ಕ್ಯಾಸೆಟ್‌ನ ಲಾಕ್‌ರಿಂಗನ್ನು ಟಾರ್ಕ್ ವ್ರೆಂಚ್‌ನಲ್ಲಿ 40 ನ್ಯೂಟನ್ ಮೀಟರ್‌ಗೆ ಬಿಗಿದೆ. 11 ಸ್ಪೀಡ್ ಹಬ್ ಇರುವ ಗಾಲಿ ನಿಮ್ಮದಾದರೆ ಕ್ಯಾಸೆಟ್‌ನ ಹಿಂದೆ 1.85 ಮಿ.ಮೀ. ಸ್ಪೇಸರ್ ಕಡ್ಡಾಯ, ಇಲ್ಲದಿದ್ದರೆ ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ.

ಈ ಕ್ಯಾಸೆಟ್‌ನಲ್ಲಿ ಕೊರತೆ ಇಲ್ಲವೆಂದಲ್ಲ. 17ರಿಂದ ನೇರ 20ಕ್ಕೆ ಹೋಗುವ ಅಂತರ ಬಳ್ಳಾರಿ ರಸ್ತೆಯ ಸಮತಟ್ಟಿನಲ್ಲಿ, ಎದುರುಗಾಳಿ ಇದ್ದಾಗ, ಚೆನ್ನಾಗಿಯೇ ಅನುಭವಕ್ಕೆ ಬರುತ್ತದೆ. ಗುಂಪಿನಲ್ಲಿ ವೇಗವಾಗಿ ಓಡಿಸುವವರಿಗೆ ಅದು ದೊಡ್ಡ ತೊಡಕಾಗಬಹುದು. ವಾರಕ್ಕೊಮ್ಮೆ ಒಬ್ಬನೇ ಹೊರಟು, ಬೆಟ್ಟ ಹತ್ತಿ, ನಿಧಾನವಾಗಿ ಮರಳುವ ನನಗೆ ಅದು ಭಾರವೆನಿಸಿಲ್ಲ. ಸೋರಾ ಜಿಎಸ್ ಅಂಗಡಿಯಲ್ಲಿ ಸಿಗದೆ ಹೋದರೆ ಶಿಮಾನೊದ್ದೇ 8 ಸ್ಪೀಡ್ ಕ್ಲಾರಿಸ್ ಆರ್2000ರ ಜಿಎಸ್ ಡಿರೇಲರನ್ನು ಧೈರ್ಯವಾಗಿ ಕೊಳ್ಳಬಹುದು. ಅದರ ಅನುಪಾತವೂ 1.7, ಅದು ಕೂಡ 34 ಹಲ್ಲು ಹತ್ತಿಸುತ್ತದೆ, ಬೆಲೆಯೂ ಕಡಿಮೆ.