ವಿಪಿಎನ್ ಸಾಕೇ, ಜೀರೋ ಟ್ರಸ್ಟ್ ಬೇಕೇ?

ಬಳ್ಳಾರಿಯ ಜೀನ್ಸ್ ಘಟಕವೊಂದರ ಮಾಲೀಕರ ಪ್ರಶ್ನೆ ಇದು: ಲೆಕ್ಕದವರು ಮನೆಯಿಂದಲೇ ಕೆಲಸ ಮಾಡಲು ಏನು ಹಾಕಿಸಲಿ?

ವಿಪಿಎನ್ ಎಂದರೆ ಹೊರಗಿನಿಂದ ಇಂಟರ್ನೆಟ್ ಮೂಲಕ ಕಚೇರಿಯ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ. ಅದು ಎಪಿಎಂಸಿ ಪ್ರಾಂಗಣದ ಗೇಟಿನಂತೆ. ಕಾವಲುಗಾರ ಒಮ್ಮೆ ಒಳಗೆ ಬಿಟ್ಟನೆಂದರೆ ಯಾವ ಮಳಿಗೆಯ ಬಾಗಿಲನ್ನಾದರೂ ತಟ್ಟಬಹುದು. ಖರ್ಚು ಕಡಿಮೆ, ಅನೇಕ ರೂಟರ್‌ಗಳಲ್ಲೇ ಇರುತ್ತದೆ. ಆದರೆ ಪಾಸ್‌ವರ್ಡ್ ಕಳುವಾದರೆ ಕಳ್ಳನೂ ಅದೇ ಗೇಟಿನಿಂದ ಬರುತ್ತಾನೆ, ಕಾರ್ಮಿಕರ ಆಧಾರ್ ಪ್ರತಿಗಳಿರುವ ಫೋಲ್ಡರ್‌ವರೆಗೂ.

ಜೀರೋ ಟ್ರಸ್ಟ್ ಎಂದರೆ ಯಾರನ್ನೂ ತಾನಾಗಿ ನಂಬದ ವ್ಯವಸ್ಥೆ. ಇದರಲ್ಲಿ ಮಳಿಗೆಗೊಂದು ಬೀಗ. 2010ರಲ್ಲಿ ಫಾರೆಸ್ಟರ್ ಸಂಶೋಧನಾ ಸಂಸ್ಥೆಯ ವಿಶ್ಲೇಷಕ ಜಾನ್ ಕಿಂಡರ್‌ವಾಗ್ ಈ ಹೆಸರನ್ನು ಬಳಕೆಗೆ ತಂದರು. ಬಂದವರು ಯಾರು, ಯಾವ ಲ್ಯಾಪ್‌ಟಾಪ್, ಯಾವ ಕಡತ ಎಂದು ಪ್ರತಿ ಸಲವೂ ವಿಚಾರಣೆ. ಲೆಕ್ಕದವರಿಗೆ ಟ್ಯಾಲಿ ಮಾತ್ರ ಕಾಣುತ್ತದೆ. ಆಧಾರ್ ಫೋಲ್ಡರ್ ಇದೆಯೆಂದೇ ತಿಳಿಯುವುದಿಲ್ಲ. ತೊಡಕಿರುವುದು ಯಾರಿಗೆ ಏನು ಬೇಕೆಂದು ಪಟ್ಟಿ ಮಾಡುವುದರಲ್ಲಿ. ಅದರಲ್ಲೂ ಕಚೇರಿಗೆಲ್ಲ ಒಂದೇ ಪಾಸ್‌ವರ್ಡ್ ಇದ್ದು, ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿರುವಾಗ!

ಮೂರು ಜನರ ಕಚೇರಿಗೆ ವಿಪಿಎನ್ ಜೊತೆ ಒಟಿಪಿ ಸಾಕೆಂಬುದು ನನ್ನ ಮತ. ಹೊರಗಿನ ಆಡಿಟರ್, ಗುತ್ತಿಗೆದಾರರೂ ಒಳಬರುವುದಾದರೆ ಜೀರೋ ಟ್ರಸ್ಟ್‌ಗೇ ಹೋಗಿ. ಆಧಾರ್‌ನಂಥ ಮಾಹಿತಿ ಸೋರದಂತೆ ಸರಿಯಾದ ರಕ್ಷಣೆ ಕೊಡದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಏರಬಹುದು.