“ದೋಷವಿಲ್ಲ” ಎಂಬ ವರದಿ ನಂಬಿ ಮೋಸಹೋದೆ: ಎನ್‌ಟಿಪಿ (ಗಡಿಯಾರಗಳಿಗೆ ಸಮಯ ತಿಳಿಸುವ) ಸರ್ವರ್ ಇಟ್ಟುಕೊಂಡವರು ದಯವಿಟ್ಟು ಓದಿ

ನಮ್ಮ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವ ಹೊಣೆ ನನ್ನದು. ಭದ್ರತಾ ತಪಾಸಣೆಯನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿದವನೂ ನಾನೇ, “ಗಂಭೀರ ದೋಷಗಳು ಕಂಡುಬಂದಿಲ್ಲ” ಎಂಬ ಅವರ ವರದಿಯನ್ನು ಮೇಲಧಿಕಾರಿಗಳ ಮುಂದಿಟ್ಟವನೂ ನಾನೇ. ಆ ವರದಿ ಕೈಸೇರಿ ಎರಡು ತಿಂಗಳು ತುಂಬುವ ಮೊದಲೇ ನಮ್ಮ ಇಂಟರ್ನೆಟ್ ಲೈನ್ ಪೂರ್ತಿ ಕಟ್ಟಿಕೊಂಡಿತು. ಯಾರೋ ನಮ್ಮ ಮೇಲೆ ದಾಳಿ ಮಾಡುತ್ತಿದ್ದಾರೆಂದು ತಿಳಿದು ಇಂಟರ್ನೆಟ್ ಸೇವೆ ಕೊಡುವವರಿಗೆ ಕರೆ ಮಾಡಿ, ಏರುದನಿಯಲ್ಲೇ ಮಾತನಾಡಿದೆ. ಅತ್ತ ಕಡೆಯ ಎಂಜಿನಿಯರ್ ಎಲ್ಲವನ್ನೂ ಕೇಳಿಸಿಕೊಂಡು, “ಸರ್, ಒಳಗೆ ಬರುವ ಟ್ರಾಫಿಕ್ ಅಲ್ಲ, ಹೊರಗೆ ಹೋಗುವುದನ್ನು ನೋಡಿ. ದಾಳಿ ನಿಮ್ಮಲ್ಲಿಂದಲೇ ಹೋಗುತ್ತಿದೆ” ಎಂದರು. ನನ್ನ ಬಾಯಿ ಕಟ್ಟಿಹೋಯಿತು.

ನೆಟ್‌ವರ್ಕ್‌ನಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದೆ. ಯುಡಿಪಿ (ಮೊದಲು ಸಂಪರ್ಕ ಖಚಿತಪಡಿಸಿಕೊಳ್ಳದೆ ಪ್ಯಾಕೆಟ್ ಕಳಿಸುವ ವಿಧಾನ) 123ನೇ ಪೋರ್ಟ್‌ಗೆ 8 ಬೈಟ್‌ನ ಒಂದು ಕೋರಿಕೆ ಬರುತ್ತಿತ್ತು. ಅದರ ಬೆನ್ನಿಗೇ ನಮ್ಮ ಟೈಮ್ ಸರ್ವರ್‌ನಿಂದ 440, 440, 440 ಬೈಟ್‌ಗಳ ಉತ್ತರಗಳು ಪರದೆಯ ತುಂಬ ಹರಿಯುತ್ತಿದ್ದವು. ಎಲ್ಲವೂ ಒಂದೇ ವಿಳಾಸಕ್ಕೆ. ಆ ವಿಳಾಸದವರು ನಮ್ಮನ್ನು ಏನನ್ನೂ ಕೇಳಿರಲಿಲ್ಲ. ಅವರ ಹೆಸರಿನಲ್ಲಿ ಸುಳ್ಳು ಕೋರಿಕೆ ಕಳಿಸುತ್ತಿದ್ದವನು ಬೇರೊಬ್ಬ. ಟೈಮ್ ಸರ್ವರ್ ನಡೆಸುವ ಎನ್‌ಟಿಪಿಡಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿರುವ ಮಾನ್‌ಲಿಸ್ಟ್ ಎಂಬ ಆದೇಶವು, ತನ್ನನ್ನು ಇತ್ತೀಚೆಗೆ ಸಂಪರ್ಕಿಸಿದ 600 ವಿಳಾಸಗಳವರೆಗಿನ ಪಟ್ಟಿಯನ್ನು ಒಂದು ಪ್ಯಾಕೆಟ್‌ಗೆ ಆರರಂತೆ, ಅಂದರೆ ನೂರು ಪ್ಯಾಕೆಟ್‌ಗಳವರೆಗೆ, ಕೇಳಿದವರು ಯಾರೆಂದು ವಿಚಾರಿಸದೆ ಕಳಿಸಿಬಿಡುತ್ತದೆ. ಇದು ಹೊಸ ದೋಷವೇನಲ್ಲ. ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2013-5211 ಎಂದು ಎಂದೋ ದಾಖಲಾಗಿದೆ. 2014ರ ಫೆಬ್ರುವರಿಯಲ್ಲಿ ಸೆಕೆಂಡಿಗೆ ಸುಮಾರು 400 ಗಿಗಾಬಿಟ್‌ನ ದಾಳಿ ಇದೇ ದಾರಿಯಲ್ಲಿ ನಡೆದಿತ್ತು. ಇಷ್ಟು ಹಳೆಯ, ಇಷ್ಟು ಹೆಸರಾದ ದೋಷ ತಪಾಸಣೆಯವರ ಕಣ್ಣಿಗೆ ಹೇಗೆ ಬೀಳಲಿಲ್ಲ?

ವರದಿಯನ್ನು ಮತ್ತೆ ತೆಗೆದೆ. ಮೊದಲ ಪುಟದಲ್ಲಿ “ಎಲ್ಲ 65,535 ಪೋರ್ಟ್‌ಗಳನ್ನು ಪರೀಕ್ಷಿಸಲಾಗಿದೆ” ಎಂದು ದಪ್ಪ ಅಕ್ಷರದಲ್ಲಿತ್ತು. ಕೊನೆಯ ಅನುಬಂಧದ ಕೋಷ್ಟಕದ ಕೆಳಗೆ, ಸಣ್ಣ ಅಕ್ಷರದಲ್ಲಿ, “ವಿಧಾನ: ಟಿಸಿಪಿ” ಎಂದಿತ್ತು. ಅಷ್ಟೇ. ಟಿಸಿಪಿ, ಯುಡಿಪಿ ಎರಡೂ ಬೇರೆ ಬೇರೆ ವಿಧಾನಗಳು, ಎರಡಕ್ಕೂ ತಮ್ಮತಮ್ಮದೇ ಪೋರ್ಟ್‌ಗಳಿವೆ. ಎನ್‌ಟಿಪಿ ನಡೆಯುವುದು ಯುಡಿಪಿಯಲ್ಲಿ. ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ವರ್ಧಿತ ದಾಳಿ, ಅಂದರೆ ಚಿಕ್ಕ ಕೋರಿಕೆಗೆ ದೊಡ್ಡ ಉತ್ತರ ಬರಿಸುವ ಇಂಥದೇ ದಾಳಿ, ನಡೆಯುವುದೂ ಯುಡಿಪಿಯಲ್ಲೇ. ಅವರು ಯುಡಿಪಿಯ ಒಂದು ಪೋರ್ಟ್ ಅನ್ನೂ ಮುಟ್ಟಿರಲಿಲ್ಲ. ನಾನು ಆ ಸಾಲನ್ನು ಓದದೆಯೇ ಸಹಿ ಮಾಡಿದ್ದೆ.

ತಪಾಸಣೆಯ ಕಂಪನಿಗೆ ಫೋನ್ ಮಾಡಿದರೆ ಮೊದಲು ಬಂದ ಉತ್ತರ, “ಯುಡಿಪಿ ಬೇಕೆಂದು ನೀವು ಕೇಳಿರಲಿಲ್ಲವಲ್ಲ ಸರ್.” ಆಮೇಲೆ, “ಯುಡಿಪಿ ಸ್ಕ್ಯಾನ್‌ಗೆ ಬಹಳ ಸಮಯ ಹಿಡಿಯುತ್ತದೆ.” ಹಿಡಿಯುತ್ತದೆ, ನಿಜ, ಹಾಗಿದ್ದರೆ ಮಾಡಿಲ್ಲವೆಂದು ಮೊದಲ ಪುಟದಲ್ಲೇ ಬರೆಯಬೇಕಿತ್ತು. ಮೂರನೆಯ ಉತ್ತರ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು: “ನಿಮ್ಮ ಸರ್ವರ್ ಹ್ಯಾಕ್ ಆಗಿಲ್ಲ, ಬಂದ ಪ್ರಶ್ನೆಗೆ ಉತ್ತರ ಕೊಟ್ಟಿದೆ, ಆದ್ದರಿಂದ ಅದು ದೋಷ ಎನಿಸುವುದಿಲ್ಲ.” ನಮ್ಮ ಸರ್ವರ್‌ನಿಂದಾಗಿ ಇನ್ನೊಬ್ಬರ ನೆಟ್‌ವರ್ಕ್ ಮುಳುಗಿದರೆ ಅದು ದೋಷವಲ್ಲವಂತೆ! ಪರಿಹಾರವೆಂದು 123ನೇ ಪೋರ್ಟ್ ಅನ್ನು ಪೂರ್ತಿ ಮುಚ್ಚಿಸಿದರು. ಟೈಮ್ ಸರ್ವರ್‌ಗೇ ಹೊರಗಿನಿಂದ ಸಮಯ ಸಿಗದೆ ಗಡಿಯಾರಗಳು ಸರಿಯತೊಡಗಿ, ದಾಳಿಯ ತನಿಖೆಗೆ ಬೇಕಾಗಿದ್ದ ಲಾಗ್‌ಗಳ ಸಮಯವೂ ಒಂದಕ್ಕೊಂದು ತಾಳೆಯಾಗದಂತಾಯಿತು.

ಕೊನೆಗೆ ನಾನೇ ಕುಳಿತು ಸರಿಪಡಿಸಿದೆ. ಎನ್‌ಟಿಪಿಡಿ 4.2.7ಪಿ26ಕ್ಕಿಂತ ಹಳೆಯದಾದರೆ ಹೊಸದು ಹಾಕಿ. ತಕ್ಷಣ ಆಗದಿದ್ದರೆ ಕಾನ್ಫಿಗರೇಷನ್‌ನಲ್ಲಿ “ಡಿಸೇಬಲ್ ಮಾನಿಟರ್” ಎಂಬ ಸಾಲು ಸೇರಿಸಿ, ಡೀಫಾಲ್ಟ್ ನಿರ್ಬಂಧದಲ್ಲಿ ಹೊರಗಿನವರ ಇಂಥ ಪ್ರಶ್ನೆಗಳನ್ನು ತಡೆಯುವ “ನೋಕ್ವೆರಿ” ಇರಿಸಿ. ನಂತರ ಹೊರಗಿನ ಯಂತ್ರದಿಂದ ಎನ್‌ಟಿಪಿಡಿಸಿ ಎಂಬ ಸಾಧನದ ಮೂಲಕ ಮಾನ್‌ಲಿಸ್ಟ್ ಕೇಳಿ ನೋಡಿ, ಪಟ್ಟಿ ಬರಕೂಡದು. ನಿಮ್ಮದಲ್ಲದ ಮೂಲವಿಳಾಸ ಹೊತ್ತ ಪ್ಯಾಕೆಟ್ ನಿಮ್ಮ ರೂಟರ್ ದಾಟದಂತೆಯೂ ತಡೆಯಿರಿ. 2000ದಲ್ಲಿ ಬಂದ ಆರ್‌ಎಫ್‌ಸಿ 2827 ಎಂಬ ಇಂಟರ್ನೆಟ್ ಮಾರ್ಗಸೂಚಿ ಹೇಳುವುದು ಅದನ್ನೇ. ತಪಾಸಣೆ ಮಾಡಿಸುವವರು ಯುಡಿಪಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

“ದೋಷಗಳು ಕಂಡುಬಂದಿಲ್ಲ” ಎಂಬ ಸಾಲನ್ನು ತಿದ್ದಿ ವರದಿಯನ್ನು ಮರಳಿ ಕಳಿಸಿ ಎಂದು ಆ ಕಂಪನಿಗೆ ಮೂರು ಸಲ ಪತ್ರ ಬರೆದಿದ್ದೇನೆ. ಮರುತಪಾಸಣೆಯ ದರಪಟ್ಟಿ ಮಾತ್ರ ಬಂದಿದೆ.